ಮಾರಿ ಕೊಟ್ಟ ಕಿಟಕಿ

ಬಿಲ್ಲು ಬಂದ ದಿನ ಅನುಸೂಯಮ್ಮ ಊರಲ್ಲಿರಲಿಲ್ಲ. ತಂಗಿಯ ಮಗುವಿನ ನಾಮಕರಣಕ್ಕೆಂದು ಹೊಸಕೋಟೆಗೆ ಹೋಗಿದ್ದಳು. ಮರುದಿನ ದೊಡ್ಡಬಳ್ಳಾಪುರದಲ್ಲಿ ಬಸ್ಸಿಳಿದು, ಚೀಲವನ್ನು ಮನೆಯ ಜಗುಲಿಯ ಮೇಲೆ ಎಸೆದು, ಮಹಿಳಾ ಸಮಾಜದ ಹೊಸ ಕಟ್ಟಡಕ್ಕೆ ಬರುವ ಹೊತ್ತಿಗೆ ಬಿಲ್ಲಿನಿಂದ ಬಾಣ ಹೊರಟು, ನಾಟಿ, ಗಾಯವೂ ಆಗಿತ್ತು.

“ಸರ್ಕಾರದ್ ತೆರಿಗೆ ಅಂದ್ರು ಕಣೆ, ಕೊಟ್ಬಿಟ್ಟೆ,” ಎಂದರು ಸಮಾಜದ ಅಧ್ಯಕ್ಷೆ ಅಕ್ಕಯಮ್ಮ.

“ಯಾವ ತೆರಿಗೆ, ಅಕ್ಕಯಮ್ಮನೋರೆ?”

“ಅದೇ, ಮಾರಾಟದ್ ತೆರಿಗೆ.”

“ನಮಗೆ ಯಾರು ಏನು ಮಾರಿದ್ರು?”

“ಅದೆಲ್ಲ ನಂಗೇನೇ ಗೊತ್ತು? ನೀನು ಬಿ.ಎ., ನೀನು ಕಾರ್ಯದರ್ಶಿ, ನೀನು ಓದ್ಕೋ. ಕೆಳಗೆ ಸೀಲ್ ಬಿದ್ದಿತ್ತು. ಸೀಲ್ ಬಿದ್ಮೇಲೆ ಮಾತಾಡಬಾರ್ದು.”

ಅಕ್ಕಯಮ್ಮ ದ್ರಾಕ್ಷಿ ತೋಟದ ಯಜಮಾನಿ. ಆಳುಕಾಳುಗಳ ಮುಂದೆ ಹುಲಿ. ಆದರೆ ಖಾಕಿ ಬಟ್ಟೆ ಕಂಡರೆ, ಅದು ಅಂಚೆಯವನದ್ದಾದರೂ ಸರಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಲ್ಲುತ್ತಿದ್ದರು. ಅಂಥವರ ಕೈಗೆ ನೇರಳೆ ಬಣ್ಣದ ಮೊಹರು ಒತ್ತಿದ ಕಾಗದ ಕೊಟ್ಟರೆ ಇನ್ನೇನಾಗುತ್ತದೆ?

ಅನುಸೂಯಮ್ಮ ಬಿಲ್ಲನ್ನು ಬೆಳಕಿಗೆ ಹಿಡಿದಳು. ‘ಶಿಶುವಿಹಾರದ ಕಟ್ಟಡಕ್ಕೆ ಬಾಗಿಲು, ಕಿಟಕಿ ಮತ್ತು ಸೂರಿನ ಮರಮುಟ್ಟು ಮಾರಿ ಕೊಟ್ಟದ್ದು’ ಎಂದು ಗುಂಡಗೆ ಬರೆದಿತ್ತು. ಮೊತ್ತದ ಕೆಳಗೆ ಇನ್ನೊಂದು ಸಾಲು: ಮಾರಾಟ ತೆರಿಗೆ, ಇನ್ನೂರ ಎಪ್ಪತ್ತು ರೂಪಾಯಿ. ಅದರ ಕೆಳಗೆ ಮರಗೆಲಸದ ಜವರಪ್ಪನ ಮೊಹರು, ನೋಂದಣಿ ಸಂಖ್ಯೆಯ ಸಮೇತ.

“ಮಾರಿ ಕೊಟ್ಟದ್ದಂತೆ!” ಎಂದಳು. “ಮಾರಿ ಕೊಟ್ಟಿದ್ದು ಅಂತ ಗೊತ್ತಿದ್ದಿದ್ರೆ ಬೇವಿನ ಸೊಪ್ಪು ಹಿಡ್ಕೊಂಡು ಇಸ್ಕೊಬಹುದಿತ್ತು.”

“ದೇವ್ರ ವಿಷ್ಯದಲ್ಲಿ ಹುಡುಗಾಟ ಬ್ಯಾಡ,” ಎಂದು ಅಕ್ಕಯಮ್ಮ ಕೆನ್ನೆ ಬಡಿದುಕೊಂಡರು.

ಹುಡುಗಾಟ ಅನುಸೂಯಮ್ಮನ ಹುಟ್ಟುಗುಣ. ಬೆಂಗಳೂರಿನ ಕಾಲೇಜಿನಲ್ಲಿದ್ದಾಗ ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ಗಂಟೆ ಹೊಡೆಯುವವನ ಆಕಳಿಕೆಯವರೆಗೆ ಎಲ್ಲವನ್ನೂ ಅಣಕಿಸಿ, ಗೆಳತಿಯರಿಂದ ‘ಅನುಕರಣಮ್ಮ’ ಎಂದು ಬಿರುದು ಪಡೆದಿದ್ದಳು. ಆದರೆ ಅವತ್ತು ಅವಳು ನಗಲಿಲ್ಲ. ತಲೆಯೆತ್ತಿ ಅಡುಗೆಮನೆಯ ಸೂರನ್ನು ನೋಡಿದಳು. ಅಲ್ಲಿ ಸೂರು ಎಲ್ಲಿತ್ತು? ಜವರಪ್ಪ ಕೂರಿಸಿದ ಮರದ ಪಟ್ಟಿಗಳಿದ್ದವು, ಪಟ್ಟಿಗಳ ನಡುವೆ ಅರವತ್ತೊಂಬತ್ತನೇ ಇಸವಿಯ ಮೇ ತಿಂಗಳ ಬೋಳು ಆಕಾಶವಿತ್ತು. ಹೆಂಚಿಗೆಂದು ಎತ್ತಿಟ್ಟಿದ್ದ ಹಣವನ್ನೇ ಅಕ್ಕಯಮ್ಮ ತೆರಿಗೆಗೆ ತೆತ್ತಿದ್ದರು.

ಹಾಲಿನ ಪುಡಿ ಕೊಡುವ ಅಧಿಕಾರಿ ಹಿಂದಿನ ಸಲ ಬಂದಾಗ ಖಡಾಖಂಡಿತವಾಗಿ ಹೇಳಿ ಹೋಗಿದ್ದರು: ಮಳೆಗಾಲಕ್ಕೆ ಮುಂಚೆ ಅಡುಗೆಮನೆಗೆ ಹೆಂಚು ಬೀಳಬೇಕು, ಇಲ್ಲದಿದ್ದರೆ ಪುಡಿ ಬೇರೆ ತಾಲ್ಲೂಕಿಗೆ. ಪುಡಿ ಇಲ್ಲದೆ ಹಾಲಿಲ್ಲ, ಹಾಲಿಲ್ಲದೆ ಶಿಶುವಿಹಾರವಿಲ್ಲ. ಹಿಡಿ ಹಿಡಿ ರಾಗಿ ಎತ್ತಿ ಹೆಂಗಸರು ಕಟ್ಟಿಸಿದ ಗೋಡೆಗಳ ಒಳಗೆ ಆಮೇಲೆ ಕೋಳಿ ಸಾಕಬಹುದು, ಅಷ್ಟೆ.

“ಈ ದುಡ್ಡು ವಾಪಸ್ಸು ತರ್ತೀನಿ,” ಎಂದಳು ಅನುಸೂಯಮ್ಮ.

“ಸರ್ಕಾರದಿಂದಲಾ?” ಅಕ್ಕಯಮ್ಮನ ಬಾಯಿ ತೆರೆದೇ ಇತ್ತು.

ಹೊರಗೆ ಬಂದರೆ ಬೀದಿಯುದ್ದಕ್ಕೂ ಮಗ್ಗದ ಸದ್ದು. ದೊಡ್ಡಬಳ್ಳಾಪುರದಲ್ಲಿ ಗಡಿಯಾರ ನಿಂತರೆ ಯಾರಿಗೂ ತಿಳಿಯದು. ಮಗ್ಗ ನಿಂತರೆ ಊರಿಗೆ ಊರೇ ಎದ್ದು ಕೂರುತ್ತದೆ. ಎದುರಿನ ಮಗ್ಗದ ಷೆಡ್ಡಿನ ಬಾಗಿಲಲ್ಲಿ ದ್ಯಾವಮ್ಮ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದಳು. ಅವಳ ತಲೆಯ ಮೇಲೆ ಜಂತಿಗೆ ಹಳೆಯ ಸೀರೆಯ ತೊಟ್ಟಿಲು, ಒಳಗೆ ಎಂಟು ತಿಂಗಳ ಮಗು. ತೊಟ್ಟಿಲು ಒಮ್ಮೆ ಜೋರಾಗಿ ಬೀಸಿದರೆ ತಿರುಗುವ ಬೆಲ್ಟಿಗೆ ತಾಗುವಷ್ಟು ಹತ್ತಿರ.

“ಯಾವಾಗಮ್ಮಾ ಬಾಗ್ಲು ತೆರೆಯೋದು?” ದ್ಯಾವಮ್ಮ ಕಿರುಚಿದಳು. ಷೆಡ್ಡಿನವರಿಗೆ ಪಿಸುಮಾತೂ ಕಿರುಚಾಟವೇ. “ಇದು ಎದ್ದು ಕೂರಕ್ಕೆ ಕಲ್ತದೆ! ನಿನ್ನೆ ಅರ್ಧ ಹೊರಗ್ ಬಂದಿತ್ತು!”

“ಮಳೆಗೆ ಮುಂಚೆ,” ಎಂದು ಅನುಸೂಯಮ್ಮನೂ ಕಿರುಚಿದಳು. ಹೇಳಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಬೀದಿಗೆಲ್ಲ ಕೇಳಿಸಿತ್ತು.

ನೂಲಿನ ಅಂಗಡಿಯ ಲೆಕ್ಕದ ಮುನಿರಾಮಯ್ಯ ಮಾರಾಟ ತೆರಿಗೆಯನ್ನು ಅರೆದು ಕುಡಿದವರು. ಅನುಸೂಯಮ್ಮ ಮೊದಲು ಹೋದದ್ದು ಅವರಲ್ಲಿಗೆ. ಅವರು ಬಿಲ್ಲನ್ನು ಒಮ್ಮೆ ನೋಡಿ ಮೂಗಿನಲ್ಲೇ ನಕ್ಕರು.

“ನಾನು ನಿಮಗೆ ನೂಲು ಕೊಟ್ರೆ ಅದು ಮಾರಾಟ. ನೀವು ಸೀರೆ ನೇಯ್ಸಿ ಮಾರಿದ್ರೆ ಅದೂ ಮಾರಾಟ. ಮನೆ ಕಟ್ಟಿ ಕೊಡೋದು ಕೆಲಸ ಕಣಮ್ಮ, ಮಾರಾಟ ಅಲ್ಲ. ಇಟ್ಟಿಗೆ, ಮರ, ಕೂಲಿ ಎಲ್ಲ ಸೇರಿ ಒಂದು ಗುತ್ತಿಗೆ. ಅದಕ್ಕೆ ಮಾರಾಟ ತೆರಿಗೆ ಇಲ್ಲ ಅಂತ ದೊಡ್ಡ ಕೋರ್ಟು ಹೇಳಿ ಹತ್ತು ವರ್ಷ ಆಯ್ತು. ಇದು ದಿಲ್ಲಿಯಿಂದ ಹೊರಟಿದ್ದು, ಜವರಪ್ಪನ ಬೀದಿಗೆ ಇನ್ನೂ ತಲುಪಿಲ್ಲ.”

“ಹಾಗಾದ್ರೆ ದುಡ್ಡು ವಾಪಸ್ಸು ಬರುತ್ತಾ?”

“ತಿಂಗಳ ಲೆಕ್ಕದಲ್ಲಿ ಅವನು ಖಜಾನೆಗೆ ಕಟ್ಟೋದಕ್ಕೆ ಮುಂಚೆ ಹಿಡೀರಿ. ಕಟ್ಟಿಬಿಟ್ರೆ ನಿಮ್ಮ ಶಿಶುವಿಹಾರದ ಮಕ್ಕಳು ಮದುವೆ ಆಗೋ ಹೊತ್ತಿಗೆ ಬರಬಹುದು. ಆದ್ರೆ ಒಂದು ತೊಡಕಿದೆ. ಬಿಲ್ಲಲ್ಲಿ ‘ಮಾರಿ ಕೊಟ್ಟದ್ದು’ ಅಂತ ಬರ್ದಿದ್ದಾನಲ್ಲ, ಅದು ತಾನಾಗೇ ಕುತ್ತಿಗೆ ಕೊಟ್ಟ ಹಾಗೆ. ಯಾಕೆ ಹಾಗೆ ಬರ್ಸಿದ ಕೇಳಿ.”

ಯಾಕೆ ಹಾಗೆ ಬರೆಸಿದ ಎಂದು ಕೇಳಬೇಕಾಗಿಯೇ ಬರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಜವರಪ್ಪನ ಅಂಗಡಿಯೊಳಗೆ ಕಾಲಿಟ್ಟ ಗಳಿಗೆಯಲ್ಲೇ ಉತ್ತರ ಅವಳ ಕಿವಿಗೆ ಬಿತ್ತು.

“ಬನ್ನಿ ಅಮ್ಮಾವ್ರೆ, ಕೂತ್ಕೊಳಿ. ಏನ್ ಮಾರ್ಬೇಕು ಹೇಳಿ, ಮಾರ್ಕೊರ್ತೀನಿ.”

ಜವರಪ್ಪನ ಬಾಯಲ್ಲಿ ಎಲೆಅಡಿಕೆ ತುಂಬಿತ್ತು. ಅದು ಬೆಳಗ್ಗೆ ತುಂಬಿದರೆ ಮಲಗುವವರೆಗೆ ಖಾಲಿಯಾಗುವ ಬಾಯಲ್ಲ. ರಸ ಚೆಲ್ಲದಂತೆ ಗದ್ದ ಮೇಲೆತ್ತಿ, ನಾಲಗೆಯನ್ನು ಮಡಿಸಲಾರದೆ ಅವನು ಆಡುವ ಮಾತಿನಲ್ಲಿ ‘ಡ’ ಎಂಬ ಅಕ್ಷರ ಎಲೆಯಡಿ ಸಿಕ್ಕಿಕೊಂಡು ‘ರ’ ಆಗಿ ಹೊರಗೆ ಬರುತ್ತಿತ್ತು. ಗೋಡೆ ಗೋರೆಯಾಗುತ್ತಿತ್ತು, ಬಡಗಿ ಬರಗಿಯಾಗುತ್ತಿದ್ದ. ದೊಡ್ಡಬಳ್ಳಾಪುರವೇ ದೊರ್ರಬಳ್ಳಾಪುರವಾಗುತ್ತಿತ್ತು.

“ಜವರಪ್ಪ, ಈ ಬಿಲ್ಲು ಬರೆದದ್ದು ಯಾರು?”

“ತಾಲ್ಲೂಕ್ ಆಪೀಸ್ ಜಗ್ಲಿ ಮ್ಯಾಲೆ ಬರೀತಾನಲ್ಲ, ಆ ಬೈಲಪ್ಪ. ನಾನು ಹೇಳ್ದೆ, ಅವ್ನು ಬರ್ದ.”

“ಹೇಳುವಾಗ ಬಾಯಲ್ಲಿ ಎಲೆ ಇತ್ತಾ?”

“ಇಲ್ದೆ ಇರ್ತೈತಾ? ಎಲೆ ಇಲ್ದಿದ್ರೆ ನಂಗೆ ಮಾತೇ ಓರಲ್ಲ.”

ಅನುಸೂಯಮ್ಮನಿಗೆ ಎಲ್ಲವೂ ಬಿಡಿಸಿದ ಕಡಲೆಕಾಯಿಯಾಯಿತು. ಜವರಪ್ಪ ಹೇಳಿದ್ದು ‘ಮಾಡಿ ಕೊಟ್ಟದ್ದು’. ಬೈಲಪ್ಪನಿಗೆ ಕೇಳಿಸಿದ್ದು ‘ಮಾರಿ ಕೊಟ್ಟದ್ದು’. ಮಾರಿದ ಮೇಲೆ ಮಾರಾಟ ತೆರಿಗೆ ಹಾಕಬೇಡವೇ? ಬೈಲಪ್ಪ ಕಾನೂನು ಬಲ್ಲವನಂತೆ ಅದನ್ನೂ ಹಾಕಿದ್ದ. ಗುತ್ತಿಗೆ ಹಿಡಿದ ರಾಮಾಂಜಿನಪ್ಪ, ಮರದ ಕೆಲಸವನ್ನು ಜವರಪ್ಪನಿಗೆ ತುಂಡು ಗುತ್ತಿಗೆ ಕೊಟ್ಟವನು, ಅದನ್ನು ಓದದೆ ತನ್ನ ಬಿಲ್ಲಿಗೆ ಗುಂಡುಸೂಜಿಯಿಂದ ಚುಚ್ಚಿ ಸಮಾಜಕ್ಕೆ ದಾಟಿಸಿದ್ದ; ಅಕ್ಕಯಮ್ಮ ಕೊಟ್ಟ ತೆರಿಗೆಯ ಹಣವನ್ನೂ ಹಾಗೇ ಜವರಪ್ಪನಿಗೆ ದಾಟಿಸಿದ್ದ.

“ಇದಕ್ಕೆ ತೆರಿಗೆ ಇಲ್ಲ ಜವರಪ್ಪ. ನೀವು ಮಂಚ, ಮಣೆ ಮಾರ್ತೀರಲ್ಲ, ಅದಕ್ಕೆ ಹಾಕಿ. ನಮಗೆ ನೀವು ಮಾರಿಲ್ಲ, ಮಾಡಿದ್ದೀರಿ.”

ಜವರಪ್ಪನ ಮುಖ ಇಳಿಯಿತು. ಅವನ ತಲೆಯ ಹಿಂದೆ ನೋಂದಣಿಯ ಪತ್ರ ಕಟ್ಟು ಹಾಕಿಸಿಕೊಂಡು, ಹೂ ಮುಡಿದುಕೊಂಡು, ತಿರುಪತಿ ತಿಮ್ಮಪ್ಪನ ಪಟದ ಪಕ್ಕದಲ್ಲಿ ಸರಿಸಮನಾಗಿ ಕೂತಿತ್ತು.

“ಹಂಗನ್ಬ್ಯಾರಿ ತಾಯಿ. ಈ ಪ್ಯಾಟೇಲಿ ಟ್ಯಾಕ್ಸ್ ಹಾಕೋ ಬರಗಿ ನಾನೊಬ್ನೇ. ಬಾಕಿಯೋರು ಚೀಟಿ ಮ್ಯಾಲೆ ಗೀಚ್ಕೊರ್ತಾರೆ. ನಂದು ನಂಬರ್ ಇರೋ ಬಿಲ್ಲು.”

“ನಂಬರ್ ಇರೋ ಬಿಲ್ಲಲ್ಲಿ ನಂಬೋ ಮಾತಿರ್ಬೇಕು. ದುಡ್ಡು ಎಲ್ಲಿ?”

ಅವನು ಮೆಲ್ಲನೆ ಬೆರಳೆತ್ತಿ ತೋರಿಸಿದ. ತಿಮ್ಮಪ್ಪನ ಪಟದ ಕೆಳಗೆ, ಅರಿಶಿನದ ಬಟ್ಟೆಯ ಗಂಟೊಂದು ಮೊಳೆಗೆ ತೂಗುತ್ತಿತ್ತು. ಮೇಲೆ ಕುಂಕುಮದ ಬೊಟ್ಟು.

“ನಾನು ಮುಟ್ಟಿಲ್ಲ. ಸರ್ಕಾರದ್ ದುರ್ರು. ಮುರಿಪು ಕಟ್ಟಿಟ್ಟಿವ್ನಿ.”

ಮುಡಿಪು! ತಿಮ್ಮಪ್ಪನಿಗೆ ಹರಕೆ ಹೊತ್ತವರು ಹಣವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಮನೆಯಲ್ಲಿ ತೂಗುಹಾಕುವುದನ್ನು ಅವಳು ನೋಡಿದ್ದಳು. ಮನೆಯಲ್ಲಿ ಎಂಥ ಕಷ್ಟ ಬಂದರೂ ಆ ಗಂಟು ಹುಂಡಿ ಸೇರುವ ತನಕ ಬಿಚ್ಚುವಂತಿಲ್ಲ. ತೆರಿಗೆಗೂ ಹಾಗೇ ಗಂಟು ಕಟ್ಟಿದವನನ್ನು ಅವಳು ಕಂಡದ್ದು ಇದೇ ಮೊದಲು. ಮೋಸಗಾರನಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಭಕ್ತನ ಹತ್ತಿರ ಹೇಗೆ ಜಗಳವಾಡುವುದು?

“ಬಿಚ್ಚಿ ಕೊಡಿ. ತಪ್ಪಾಗಿ ಕಟ್ಟಿದ್ದು.”

“ಕೈ ಬಿದ್ದೋಗ್ತೈತೆ ತಾಯಿ. ಕಟ್ಟಿದ್ಮ್ಯಾಲೆ ಅದು ನಂದೂ ಅಲ್ಲ, ನಿಮ್ದೂ ಅಲ್ಲ.”

“ಆ ದೇವರೇ ಬೇಡ ಅಂದ್ರೆ?”

“ದೇವ್ರು ಯಾವತ್ತಾರ ಬ್ಯಾರ ಅಂದಿರೋದು ಉಂಟಾ?”

“ಸೋಮವಾರ ಕೇಳೋಣ,” ಎಂದು ಅನುಸೂಯಮ್ಮ ಎದ್ದಳು. “ಮಾರಾಟ ತೆರಿಗೆ ಕಚೇರಿಗೆ ಗಂಟಿನ ಸಮೇತ ಬನ್ನಿ. ನಾನೂ ಬರ್ತೀನಿ, ರಾಮಾಂಜಿನಪ್ಪನೂ ಬರ್ತಾರೆ.”

ರಾಮಾಂಜಿನಪ್ಪ ಬರುವುದಿಲ್ಲ ಎಂದ. ಅಡುಗೆಮನೆಯ ಗೋಡೆಗೆ ಒರಗಿ, ಬೀಡಿ ಹಚ್ಚಿ, ಕಾರಣಗಳನ್ನು ಒಂದೊಂದಾಗಿ ಊದಿದ. ರಾಜಘಟ್ಟದಲ್ಲಿ ಬಾವಿಯ ಕೆಲಸವಿದೆ, ಸೋಮವಾರ ದಿನ ಚೆನ್ನಾಗಿಲ್ಲ, ಆಫೀಸರು ಕಟುಕ.

“ಅವ್ನು ನನ್ ತಲೆ ಮ್ಯಾಲೆ ಹಾಕ್ದ, ನಾನು ನಿಮ್ ತಲೆ ಮ್ಯಾಲೆ ಹಾಕ್ದೆ. ಇದ್ರಲ್ಲಿ ನಂದೇನೈತಮ್ಮ?”

“ಗುತ್ತಿಗೆ ನಿಮ್ದು, ಕುತ್ತಿಗೆ ನಮ್ದಾ? ಒಪ್ಪಂದ ನಿಮ್ಮ ಜೊತೆ ಆಗಿರೋದು. ಬಾರದಿದ್ರೆ ಇಡೀ ಬಿಲ್ಲು ಹಾಗೇ ಕೂತಿರುತ್ತೆ, ಹೆಂಚಿಲ್ಲದ ಮನೆ ಹಾಗೆ.”

ಹೇಳುತ್ತ ಹೇಳುತ್ತ ಅವಳ ಕಣ್ಣು ಅವನ ಭುಜದ ಮೇಲಿಂದ ಕಿಟಕಿಗೆ ಹೋಯಿತು. ಅಷ್ಟು ದಿನ ಅದೇ ಕಿಟಕಿಯನ್ನು ನೋಡಿದ್ದಳು, ಕಂಡಿರಲಿಲ್ಲ. ಚೌಕಟ್ಟಿನ ಎಡಗಾಲು ಬಲಗಾಲಿಗಿಂತ ಉದ್ದವಿತ್ತು. ಅವಳು ಗೇಣು ಹಾಕಿ ನೋಡಿದಳು. ಎಡಗಡೆ ಮೂರು ಬೆರಳು ಹೆಚ್ಚು. ಕಿಟಕಿಯ ಬಾಗಿಲೂ ಅದಕ್ಕೆ ತಕ್ಕಂತೆ ಓರೆ; ಆದರೂ ಮುಚ್ಚಿದರೆ ಕೂದಲು ತೂರದ ಹಾಗೆ ಕೂರುತ್ತಿತ್ತು. ಬೇಕೆಂದೇ ಓರೆ ಮಾಡಿದ ಕೈಯ ಕೆಲಸ.

“ಇದ್ಯಾಕೆ ಹೀಗಿದೆ?”

“ಅದು ಜವರಪ್ಪನ್ ಕೇಳಿ. ಎಲೆ ಹಾಕ್ಕೊಂಡು ಅಳತೆ ತಗೊಂಡಿರ್ತಾನೆ,” ಎಂದ ರಾಮಾಂಜಿನಪ್ಪ. ಹೇಳುವಾಗ ಗೋಡೆಯಿಂದ ಸ್ವಲ್ಪ ಆಚೆ ಸರಿದು ನಿಂತ.

ಅನುಸೂಯಮ್ಮ ಸಂಜೆ ಹಗ್ಗಕ್ಕೆ ಕಲ್ಲು ಕಟ್ಟಿ ಗೋಡೆಯ ಮೇಲಿಂದ ಇಳಿಬಿಟ್ಟು ನೋಡಿದಳು. ಗೋಡೆ ಎಡಗಡೆ ವಾಲಿತ್ತು. ಹೆಸರಿನಲ್ಲಿ ರಾಮನನ್ನೂ ಆಂಜನೇಯನನ್ನೂ ಇಟ್ಟುಕೊಂಡ ಮನುಷ್ಯ ಕಟ್ಟಿದ ಗೋಡೆ ವಾಲಿ!

ಸೋಮವಾರ ಬೆಳಗ್ಗೆ ಮೂವರೂ ಕಚೇರಿಯಲ್ಲಿದ್ದರು. ರಾಮಾಂಜಿನಪ್ಪ ಇಸ್ತ್ರಿ ಮಾಡಿದ ಜುಬ್ಬ ತೊಟ್ಟಿದ್ದ. ಜವರಪ್ಪ ಸ್ನಾನ ಮಾಡಿ, ನಾಮ ಇಟ್ಟುಕೊಂಡು, ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಚಪ್ಪಲಿಯನ್ನು ಹೊಸಿಲ ಹೊರಗೆ ಬಿಟ್ಟು ಬಂದಿದ್ದ. ತೆರಿಗೆ ಅಧಿಕಾರಿ ವೆಂಕಟರಮಣಪ್ಪ ಅವನನ್ನು, ಗಂಟನ್ನು, ಮತ್ತೆ ಅವನನ್ನು ನೋಡಿದರು.

“ಯಾರಪ್ಪ ನೀನು? ದೇವಸ್ಥಾನ ಆ ಕಡೆ ಬೀದಿ.”

ಅನುಸೂಯಮ್ಮ ಬಿಲ್ಲನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ತಾಂಬೂಲದ ಬಾಯಿ, ಬೈಲಪ್ಪನ ಕಿವಿ, ಡಕಾರ ರಕಾರವಾದ ಕಥೆ. ಹೇಳುವ ಹುಮ್ಮಸ್ಸಿನಲ್ಲಿ ಗದ್ದ ಮೇಲೆತ್ತಿ ಜವರಪ್ಪನಂತೆಯೇ “ಗೋರೆಗೆ ಕಿಟ್ಕಿ ಮಾರಿ ಕೊಟ್ಟಿವ್ನಿ ಸ್ವಾಮಿ” ಎಂದಳು. ಜವಾನ ಬಾಗಿಲ ಹಿಂದೆ ಹೋಗಿ ನಕ್ಕ. ಗುಮಾಸ್ತರು ಫೈಲಿನೊಳಗೆ ಮುಖ ಹುದುಗಿಸಿದರು. ಜವರಪ್ಪನೇ ಪಕ್ಕೆಂದ. ವೆಂಕಟರಮಣಪ್ಪ ಮಾತ್ರ ಕನ್ನಡಕದ ಮೇಲಿಂದ ನೋಡಿದರು.

“ಅಮ್ಮ, ಅಣಕ ಚೆನ್ನಾಗಿದೆ. ಆದರೆ ಸಾಕ್ಷಿಯಾಗಲ್ಲ. ಕಾಗದದಲ್ಲಿ ‘ಮಾರಿ’ ಅಂತಿದೆ. ಕಾಗದದ ವಿಷಯದಲ್ಲಿ ನನಗೆ ಕಿವಿಯಿಲ್ಲ, ಕಣ್ಣು ಮಾತ್ರ.”

ಅವಳ ಕಿವಿ ಬಿಸಿಯಾಯಿತು. ಕಾಲೇಜಿನಲ್ಲಿ ಚಪ್ಪಾಳೆ ಬರಿಸುತ್ತಿದ್ದ ವಿದ್ಯೆ ಇಲ್ಲಿ ಚಿಲ್ಲರೆ ಕಾಸಿಗೂ ಬಾರದೇ ಹೋಯಿತು. ಆದರೆ ದ್ಯಾವಮ್ಮನ ತೊಟ್ಟಿಲು ಕಣ್ಣ ಮುಂದೆ ಬೀಸಿತು. ಬೆಲ್ಟಿನ ಕಡೆಗೇ.

“ಹಾಗಾದ್ರೆ ಅವರನ್ನೇ ಕೇಳಿ ಸರ್. ಜವರಪ್ಪ, ಹೊರಗೆ ಹೋಗಿ ಉಗಿದು, ಬಾಯಿ ತೊಳ್ಕೊಂಡು ಬನ್ನಿ.”

“ಈಗ್ಲಾ? ಈಗ್ತಾನೆ ಹಾಕ್ಕೊಂರಿದೀನಿ!”

“ಈಗ್ಲೇ.”

ಜವರಪ್ಪ ಬಾಯಿ ತೊಳೆದು ಬಂದ. ಎಲೆ ಹೋದ ಮೇಲೆ ಕೆನ್ನೆ ಒಳಕ್ಕೆ ಹೋಗಿ ಮನುಷ್ಯನೇ ಸಣ್ಣವನಾದಂತಿದ್ದ.

“ಹೇಳು. ಮಾಡಿದ್ದೋ ಮಾರಿದ್ದೋ?” ಎಂದರು ಅಧಿಕಾರಿ.

“ಮಾಡಿದ್ದು,” ಎಂದ ಜವರಪ್ಪ. ತನ್ನ ಬಾಯಿಂದಲೇ ಹೊರಟ ಡಕಾರಕ್ಕೆ ತಾನೇ ಬೆಚ್ಚಿದ.

“ಮಂಚವನ್ನೂ ಮಾಡೇ ಮಾರ್ತೀಯ. ನಿನ್ನ ಅಂಗಡೀಲಿ ಕೂತು ಕಿಟಕಿ ಮಾಡಿ, ಗಾಡಿಗೆ ಹಾಕಿ ತಂದು ಕೊಟ್ಟಿದ್ರೆ ಅದು ಮಾರಾಟವೇ, ನೀನು ಡ ಅಂದ್ರೂ ಅಷ್ಟೆ, ರ ಅಂದ್ರೂ ಅಷ್ಟೆ. ಗೋಡೆ ಜೊತೆಗೆ ಗೋಡೆ ಅಳತೆಗೆ ಅಲ್ಲೇ ಕೂತು ಮಾಡಿ ಸೇರಿಸಿದ್ರೆ ಅದು ಕೆಲಸ. ಎರಡರಲ್ಲಿ ಯಾವುದು? ಆ ಕಿಟಕಿ ತೆಗೆದು ಇನ್ನೊಂದು ಮನೆಗೆ ಹಾಕಬಹುದಾ?”

ಜವರಪ್ಪ ಗಂಟನ್ನು ಎದೆಗೊತ್ತಿಕೊಂಡ. ಹಾಕಬಹುದು ಎಂದರೆ ತೆರಿಗೆ ನಿಲ್ಲುತ್ತದೆ, ನಂಬರಿನ ಮರ್ಯಾದೆ ಉಳಿಯುತ್ತದೆ. ಹಾಕಲಾಗದು ಎಂದರೆ ಯಾಕೆ ಎಂದೂ ಹೇಳಬೇಕು. ಅವನು ರಾಮಾಂಜಿನಪ್ಪನ ಕಡೆ ನೋಡಿದ. ರಾಮಾಂಜಿನಪ್ಪ ಗೋಡೆಯ ಮೇಲಿನ ಗಡಿಯಾರವನ್ನು ನೋಡಿದ.

ಅನುಸೂಯಮ್ಮನಿಗೆ ಬಾಯಿ ಹಾಕುವ ಆಸೆ ಉಕ್ಕಿತು. ತುಟಿ ಕಚ್ಚಿ ಹಿಡಿದಳು. ಆಮೇಲೆ ಒಂದೇ ಮಾತು ಹೇಳಿದಳು, ಯಾರ ಧ್ವನಿಯಲ್ಲೂ ಅಲ್ಲ, ತನ್ನದೇ ಧ್ವನಿಯಲ್ಲಿ: “ಜವರಪ್ಪ, ಆ ಅಡುಗೆಮನೆ ಕಿಟಕೀನ ಗೇಣು ಹಾಕಿ ನೋಡಿದೆ. ಅಂಥ ಕೆಲಸ ಸಂತೆಯಲ್ಲಿ ಸಿಗಲ್ಲ.”

ಜವರಪ್ಪ ರಾಮಾಂಜಿನಪ್ಪನಿಂದ ಕಣ್ಣು ಕಿತ್ತು ಅಧಿಕಾರಿಯ ಕಡೆ ತಿರುಗಿದ.

“ಸ್ವಾಮಿ,” ಎಂದ, “ಅದನ್ನ ಬೇರೆ ಗೋಡೆಗೆ ಹಾಕಕ್ಕಾಗಲ್ಲ. ಒಂದು ಕಾಲು ಮೂರು ಬೆರಳು ಉದ್ದ ಐತೆ. ಯಾವನೂ ಕೊಂಡ್ಕೊಳಲ್ಲ. ಸೌದೆಗೆ ಕೊಟ್ರೂ ನಗ್ತಾರೆ.”

“ಯಾಕಪ್ಪ ಹಾಗೆ ಮಾಡಿದೆ?”

“ಗೋಡೆ ವಾಲೈತೆ ಸ್ವಾಮಿ. ಗೋಡೆ ಏಳೇಳ್ತಾನೆ ವಾಲ್ತು. ನಾನು ಅಲ್ಲೇ ಬೇವಿನ ಮರದಡಿ ಕೂತಿದ್ದೆ. ಗೋಡೆ ವಾಲ್ದಂಗೆಲ್ಲ ನಾನು ಚೌಕಟ್ಟು ಕೆತ್ತುತಾ ಹೋದೆ. ಗೋಡೆಗೆ ತಕ್ಕ ಕಿಟಕಿ. ಹೊರಗಿಂದ ನೋಡಿದ್ರೆ ಗೊತ್ತಾಗಬಾರ್ದು ಅಂತ ಮೇಲೆ ಒಂದು ಪಟ್ಟಿ ಹೊಡ್ದೆ.”

“ಯಾವನಲೇ ವಾಲೈತೆ ಅಂದಿದ್ದು?” ರಾಮಾಂಜಿನಪ್ಪ ಎದ್ದೇ ಬಿಟ್ಟ. “ಇಪ್ಪತ್ ವರ್ಷದಿಂದ ಕಟ್ತಾ ಇವ್ನಿ! ನೀನ್ ಓರೆ ಕೆತ್ತಿ ನನ್ ಗೋಡೆ ಮ್ಯಾಲೆ ಹೊರಿಸ್ತೀಯಾ?”

“ಮೇಸ್ತ್ರಿ, ನಿನ್ ಮರ್ಯಾದೆ ಉಳಿಸಕ್ಕೆ ತಾನೇ ಆ ಪಟ್ಟಿ ಹೊಡ್ದಿದ್ದು!”

“ನನ್ ಮರ್ಯಾದೆಗೆ ಪಟ್ಟಿ ಹೊಡೆಯೋಕೆ ನೀನ್ಯಾವನಲೇ?”

“ಗೋಡೆ ಬೀಳುತ್ತಾ?” ಎಂದರು ಅಧಿಕಾರಿ, ಎರಡು ಧ್ವನಿಗಳ ನಡುವೆ.

“ಬೀಳಲ್ಲ ಸ್ವಾಮಿ,” ಎಂದ ಜವರಪ್ಪ. “ನನ್ ಕಿಟಕಿ ಹಿಡ್ಕೊಂಡೈತೆ.”

ವೆಂಕಟರಮಣಪ್ಪ ಮೊದಲ ಸಲ ನಕ್ಕರು. ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು. ಆಮೇಲೆ ಜವಾನನನ್ನು ಜೊತೆಗೆ ಕರೆದುಕೊಂಡು, ಊಟಕ್ಕೆ ಮುಂಚೆ ಕಟ್ಟಡಕ್ಕೆ ನಡೆದೇ ಬಂದರು. ತಾವೇ ಗೇಣು ಹಾಕಿದರು. ಕಿಟಕಿ ಮುಚ್ಚಿ ತೆರೆದರು. ಚೌಕಟ್ಟಿನ ಕೊಂಡಿ ಗಾರೆಯೊಳಗೆ ಕೂತಿದ್ದನ್ನು ಉಗುರಿನಿಂದ ಕೆರೆದು ನೋಡಿದರು.

“ಇದು ಮಾರಾಟ ಅಲ್ಲ,” ಎಂದರು. “ಇದನ್ನ ಮಾರೋಕೆ ಯಾರಿಂದಲೂ ಸಾಧ್ಯವಿಲ್ಲ. ತಪ್ಪು ಬಿಲ್ಲು ರದ್ದು ಮಾಡಿ ಹೊಸದು ಬರ್ಸಿ. ಹಣ ವಾಪಸ್ಸು ಕೊಟ್ಟು ರಸೀದಿ ನನಗೆ ತೋರಿಸಿ.”

“ಬಿಚ್ಚೋದು ನೀವೇ ಸ್ವಾಮಿ,” ಎಂದು ಜವರಪ್ಪ ಗಂಟನ್ನು ಮುಂದೆ ಹಿಡಿದ. “ನನ್ ಕೈಲಾಗಲ್ಲ.”

ಸರ್ಕಾರ ಒಂದು ಗಳಿಗೆ ಗಲಿಬಿಲಿಗೊಂಡಿತು. ಆಮೇಲೆ ಕಿಟಕಿಯ ಹಲಗೆಯ ಮೇಲೆ ಗಂಟಿಟ್ಟು, ಹಲ್ಲಿನಿಂದ ಕಚ್ಚಿ ಬಿಚ್ಚಿತು. ಒಳಗೆ ನೋಟುಗಳು, ನಾಣ್ಯ, ಮೇಲೊಂದು ಒಣಗಿದ ತುಳಸಿ ಎಲೆ. ವೆಂಕಟರಮಣಪ್ಪ ಎಲೆಯನ್ನು ಮಾತ್ರ ತೆಗೆದು ಜೇಬಿಗೆ ಹಾಕಿಕೊಂಡು, “ಸಲ್ಲಬೇಕಾದ್ದು ಸಂದಿತು. ಉಳಿದದ್ದು ಬೇಡ,” ಎಂದರು. ಜವರಪ್ಪ ಕೈ ಮುಗಿದ. ಅಕ್ಕಯಮ್ಮ ಮೂಲೆಯಲ್ಲಿ ಸೆರಗು ಹೊದ್ದು ನಿಂತಿದ್ದವರು, ದೇವರು ಬೇಡವೆಂದದ್ದನ್ನು ಕಣ್ಣಾರೆ ಕಂಡವರಂತೆ ಕೆನ್ನೆ ಬಡಿದುಕೊಂಡರು.

“ಇನ್ನೊಂದಿದೆ,” ಎಂದಳು ಅನುಸೂಯಮ್ಮ. ಹೊರಟಿದ್ದ ರಾಮಾಂಜಿನಪ್ಪ ನಿಂತ. “ಕಿಟಕಿ ಹಿಡ್ಕೊಂಡಿರೋದು ಸಾಲಲ್ಲ. ಒಳಗೆ ಮಕ್ಕಳಿರ್ತವೆ. ಆ ಗೋಡೆಗೆ ಹೊರಗಿನಿಂದ ಒತ್ತುಗೋಡೆ ಕೊಡಿ. ನಿಮ್ಮ ಖರ್ಚಲ್ಲಿ. ಅದಾದ ಮೇಲೆ ಗೋಡೆ ವಾಲಿತ್ತು ಅಂತ ನಾನು ಯಾರಿಗೂ ಹೇಳಲ್ಲ.”

“ಹೇಳಲ್ವಾ?”

“ಹೇಳಲ್ಲ. ನಿಮ್ಮ ಧ್ವನಿಯಲ್ಲೂ ಹೇಳಲ್ಲ.”

ಆ ಎರಡನೆಯ ಮಾತಿಗೇ ರಾಮಾಂಜಿನಪ್ಪ ಹೆದರಿದ್ದು. ಮರುದಿನವೇ ಕಲ್ಲು ಬಂದವು. ಹೊಸ ಬಿಲ್ಲನ್ನು ಜವರಪ್ಪ ಬಾಯಿ ತೊಳೆದುಕೊಂಡು ಹೋಗಿ ಬರೆಸಿದ. ಬೈಲಪ್ಪ ‘ಮಾಡಿ ಕೊಟ್ಟದ್ದು’ ಎಂದು ಬರೆದು, ತೋರಿಸಿ, ಗಟ್ಟಿಯಾಗಿ ಓದಿಸಿ, ಆಮೇಲೆ ಮೊಹರು ಒತ್ತಿಸಿದ. ಮಂಗಳೂರು ಹೆಂಚು ಮೇಲೇರಿತು. ಕೊನೆಯ ಸಾಲು ಹೊದಿಸುವಾಗ ನಂದಿಬೆಟ್ಟದ ಕಡೆಯಿಂದ ಗಾಳಿ ತಣ್ಣಗೆ ಬೀಸುತ್ತಿತ್ತು. ಹಾಲಿನ ಪುಡಿಯ ಅಧಿಕಾರಿ ಬಂದವರು ಮೇಲೆ ನೋಡಿ, ತಲೆಯಾಡಿಸಿ, ಮೂಟೆ ಇಳಿಸಿಹೋದರು.

ಬಾಗಿಲು ತೆರೆದ ದಿನ ದ್ಯಾವಮ್ಮ ಮಗುವನ್ನು ತಂದು ಮಲಗಿಸಿ ಷೆಡ್ಡಿಗೆ ಓಡಿದಳು. ಅವಳ ಹಿಂದೆ ಇನ್ನೂ ಹತ್ತಾರು ತಾಯಂದಿರು. ಹಾಲು ಕುಡಿದದ್ದಾಯಿತು, ಒರೆಸಿದ್ದಾಯಿತು, ತೂಗಿದ್ದಾಯಿತು. ಒಂದು ಮಗುವೂ ಮಲಗಲಿಲ್ಲ. ಒಂದು ಅತ್ತರೆ ಎಲ್ಲವೂ ಅತ್ತವು. ಅಕ್ಕಯಮ್ಮ ಜೋಗುಳ ಹಾಡಿದರು. ಅಳು ಇನ್ನೂ ಜೋರಾಯಿತು. ಅಷ್ಟರಲ್ಲಿ ಮಳೆಯ ಮೊದಲ ಹನಿಗಳು ಹೆಂಚಿನ ಮೇಲೆ ಬಿದ್ದವು.

“ಏನಾಗಿದೆಯೇ ಇವಕ್ಕೆ?” ಎಂದರು ಅಕ್ಕಯಮ್ಮ. “ಕಿಟಕಿ ಮುಚ್ಚಿದ್ಮೇಲೆ ಬೀದಿ ಮಗ್ಗದ್ ಸದ್ದೂ ಒಳಗೆ ಬರಲ್ಲ, ಇಷ್ಟು ನಿಶ್ಶಬ್ದವಾಗಿದೆ!”

ಅನುಸೂಯಮ್ಮನಿಗೆ ಹೊಳೆಯಿತು. ನಿಶ್ಶಬ್ದವೇ ರೋಗ. ಹುಟ್ಟಿದಂದಿನಿಂದ ಮಗ್ಗದ ಸದ್ದಿನಲ್ಲೇ ಮಲಗಿದ ಮಕ್ಕಳವು. ಅವಳು ಚಾಪೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಅಂಗೈಯಿಂದ ಹಲಗೆ ಬಡಿಯುತ್ತ, ನಾಲಗೆಯನ್ನು ಅಂಗುಳಕ್ಕೆ ಹೊಡೆಯುತ್ತ ಶುರುಮಾಡಿದಳು: ಲಟಕ್ ಪಟಕ್, ಲಟಕ್ ಪಟಕ್, ಲಟಕ್ ಪಟಕ್. ನಡುವೆ ಲಾಳಿ ತಾಗುವ ಠಕ್, ಬೆಲ್ಟಿನ ಕಿರ್ರ್, ನೂಲು ಹರಿದಾಗ ಮಾಲೀಕನ ಗದರಿಕೆ ಕೂಡ.

ದ್ಯಾವಮ್ಮನ ಮಗು ಮೊದಲು ಬೆರಳು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿತು. ಒಂದೊಂದಾಗಿ ಉಳಿದವೂ ಮಲಗಿದವು. ಕಾಲೇಜಿನಲ್ಲಿ ಯಾರೂ ಇಷ್ಟು ಶ್ರದ್ಧೆಯಿಂದ ಅವಳ ಅಣಕವನ್ನು ಕೇಳಿರಲಿಲ್ಲ.

ಮಳೆಗೆ ಗೋಣಿಚೀಲ ಹೊದ್ದು ಓಡುತ್ತಿದ್ದ ಜವರಪ್ಪ ಕಿಟಕಿಯ ಹತ್ತಿರ ಥಟ್ಟನೆ ನಿಂತ. ಅದರ ಬಾಗಿಲು ತಳ್ಳಿ, ಎಡಗಾಲು ಉದ್ದದ ಆ ಚೌಕಟ್ಟಿನೊಳಗೆ ತಲೆ ತೂರಿಸಿದ. ಬಾಯಿ ತುಂಬ ಎಲೆ.

“ಅಮ್ಮಾವ್ರೆ! ಒಳ್ಗೆ ಮಗ್ಗ ಓರ್ತೈತಲ್ಲ!”

ಅನುಸೂಯಮ್ಮ ಬಡಿಯುವ ಕೈ ನಿಲ್ಲಿಸದೆ ಗದ್ದವನ್ನು ಮೇಲೆತ್ತಿದಳು.

“ಸದ್ದು ಮಾರ್ಬ್ಯಾರಿ ಜವರಪ್ಪ,” ಎಂದು ಪಿಸುಗುಟ್ಟಿದಳು. “ಮಕ್ಳು ಮಲ್ಗವೆ.”